ಹಳೇ ಹೈಬ್ರಿಡ್ ಕಾರನ್ನು ಸಾಕುವುದು ಹೇಗೆ?

2020ರ ಮೇ ತಿಂಗಳು. ಲಾಕ್‌ಡೌನ್ ಸ್ವಲ್ಪ ಸಡಿಲವಾಗಿತ್ತು. ಅಮ್ಮನ ಮಾತ್ರೆ ತರಲು ಹೊರಟು ಕಾರಿನ ಬಾಗಿಲಿಗೆ ಕೈ ಹಾಕಿದೆ. ತೆರೆಯಲಿಲ್ಲ. ಕೀಯ ಬಟನ್ ಒತ್ತಿದೆ. ಒಂದು ದೀಪವೂ ಮಿನುಗಲಿಲ್ಲ. ಎರಡು ತಿಂಗಳಿಂದ ಸುಮ್ನೆ ನಿಂತಿದ್ದ 2011ರ ಟೊಯೋಟಾ ಪ್ರಿಯಸ್ ಅದು, ಪೆಟ್ರೋಲ್ ಎಂಜಿನ್ ಜೊತೆ ಕರೆಂಟಿನ ಮೋಟರೂ ಇರುವ ಹೈಬ್ರಿಡ್ ಕಾರು. ಒಳಗೆ 201.6 ವೋಲ್ಟಿನ ದೊಡ್ಡ ಬ್ಯಾಟರಿ ಇದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ. ಆದರೂ ಬಾಗಿಲು ತೆರೆಯುವಷ್ಟು ಶಕ್ತಿ ಇರಲಿಲ್ಲ.

ಮೂರನೇ ತಲೆಮಾರಿನ ಪ್ರಿಯಸ್ ಭಾರತಕ್ಕೆ ಬಂದದ್ದು 2010ರಲ್ಲಿ. ಅದೇ ಕಂಪನಿಯ ಕ್ಯಾಮ್ರಿ ಹೈಬ್ರಿಡ್ 2013ರಿಂದ ನಮ್ಮ ಬಿಡದಿಯಲ್ಲೇ ತಯಾರಾಯಿತು. ಈಗ ಅವೆಲ್ಲ ಎರಡನೇ, ಮೂರನೇ ಕೈಗೆ ಬಂದಿವೆ. ಕೊಂಡವರು ಕೇಳುವ ಮೊದಲ ಪ್ರಶ್ನೆ ಒಂದೇ: 'ಬ್ಯಾಟರಿ ಹೋದ್ರೆ ಏನ್ ಗತಿ?' ಆ ಭಯದಲ್ಲಿ ದಿನನಿತ್ಯದ ಆರೈಕೆ ಮರೆತುಹೋಗುತ್ತದೆ. ಈ ಕಾರಿಗೆ ಮುಖ್ಯವಾಗಿ ಬೇಕಾದದ್ದು ಎರಡು. ಆಗಾಗ ಓಡಬೇಕು, ಚೆನ್ನಾಗಿ ಉಸಿರಾಡಬೇಕು. ನಾನು ಬರೆಯುತ್ತಿರುವುದು ಪ್ರಿಯಸ್ ಇಟ್ಟುಕೊಂಡು. ಕ್ಯಾಮ್ರಿಯಲ್ಲೂ ಕೆಲಸ ಮಾಡುವ ರೀತಿ ಹೆಚ್ಚುಕಡಿಮೆ ಇದೇ. ಭಾಗಗಳು ಕೂತಿರುವ ಜಾಗ ಬೇರೆ ಇರಬಹುದು, ಮ್ಯಾನ್ಯುಯಲ್ ನೋಡಿಕೊಳ್ಳಿ.

ಮೊದಲು ಚಿಕ್ಕ ಬ್ಯಾಟರಿ

ಡಿಕ್ಕಿಯ ಮೂಲೆಯಲ್ಲಿ, ಮುಚ್ಚಳದ ಕೆಳಗೆ ಒಂದು 12 ವೋಲ್ಟಿನ ಬ್ಯಾಟರಿ ಕೂತಿರುತ್ತದೆ. ಇದು ಎಂಜಿನ್ ತಿರುಗಿಸುವುದಿಲ್ಲ. ಈ ಕಾರಿನಲ್ಲಿ ಮಾಮೂಲಿ ಸ್ಟಾರ್ಟರ್ ಮೋಟರೂ ಇಲ್ಲ, ಆಲ್ಟರ್ನೇಟರೂ ಇಲ್ಲ. ಚಿಕ್ಕ ಬ್ಯಾಟರಿ ಕಂಪ್ಯೂಟರುಗಳನ್ನು ಎಬ್ಬಿಸುತ್ತದೆ, ದೊಡ್ಡ ಬ್ಯಾಟರಿಯ ಸ್ವಿಚ್ ಹಾಕುತ್ತದೆ. ಆಮೇಲಿನ ಕೆಲಸವೆಲ್ಲ ದೊಡ್ಡದರದ್ದು.

ಮಾಮೂಲಿ ಕಾರಿನಲ್ಲಿ ಬ್ಯಾಟರಿ ಸೋಲುವ ಮುಂಚೆ ಸ್ಟಾರ್ಟರ್ ಎಳೆದೆಳೆದು ತಿರುಗುತ್ತದೆ, ನಮಗೆ ಗೊತ್ತಾಗುತ್ತದೆ. ಇಲ್ಲಿ ಆ ಸೂಚನೆ ಇಲ್ಲ. ನಿನ್ನೆ ಸರಿಯಿತ್ತು, ಇವತ್ತು ಇಲ್ಲ. ಆದ್ದರಿಂದ ಒಂದು ಮಲ್ಟಿಮೀಟರ್ ತಂದಿಟ್ಟುಕೊಳ್ಳಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಅಳೆದು ನೋಡಿ. 12.6ರ ಹತ್ತಿರ ಇದ್ದರೆ ಆರೋಗ್ಯ ಚೆನ್ನಾಗಿದೆ. ಮತ್ತೆ ಮತ್ತೆ 12ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ಹೊಸದು ಹಾಕಿಸುವ ಕಾಲ ಬಂತು. ಡ್ಯಾಶ್‌ಬೋರ್ಡಿನಲ್ಲಿ ಒಟ್ಟಿಗೇ ನಾಲ್ಕೈದು ಎಚ್ಚರಿಕೆ ದೀಪ ಹತ್ತಿದರೂ ಮೊದಲು ಇದನ್ನೇ ಪರೀಕ್ಷಿಸಿ. ಚಿಕ್ಕದರ ತಪ್ಪಿಗೆ ದೊಡ್ಡ ಬ್ಯಾಟರಿ ಬದಲಿಸಲು ಹೊರಡಬೇಡಿ.

ಹೊಸದು ಕೊಳ್ಳುವಾಗ ಹುಷಾರು. ನಾನು ಹೋದ ಅಂಗಡಿಯವರು, 'ಸಾರ್, ಎಲ್ಲಾ ಬ್ಯಾಟರೀನೂ ಒಂದೇ, ಸೈಜ್ ಕೂತ್ರೆ ಸಾಕು' ಅಂದರು. ಸಾಕಾಗುವುದಿಲ್ಲ. ಈ ಬ್ಯಾಟರಿ ಇರುವುದು ನಾವು ಕೂರುವ ಜಾಗದ ಗಾಳಿಯಲ್ಲೇ. ಅದಕ್ಕೇ ಎಜಿಎಂ (ಆಮ್ಲ ಚೆಲ್ಲದಂತೆ ಗಾಜಿನ ನಾರಿನಲ್ಲಿ ಹೀರಿಟ್ಟಿರುವ) ಜಾತಿಯದನ್ನು ಹಾಕಿರುತ್ತಾರೆ, ಅದರ ಗ್ಯಾಸ್ ಹೊರಗೆ ಹೋಗಲು ಸಣ್ಣ ಪೈಪೂ ಇರುತ್ತದೆ. ಅದೇ ಜಾತಿಯದು ಬೇಕು, ಪೈಪನ್ನು ಮರೆಯದೆ ಸಿಕ್ಕಿಸಬೇಕು.

ನನ್ನ ಹಾಗೆ ಕಾರಿನ ಹೊರಗೆ ಸಿಕ್ಕಿಕೊಂಡರೆ ಹೀಗೆ ಮಾಡಿ. ಸ್ಮಾರ್ಟ್ ಕೀಯೊಳಗೆ ಒಂದು ಲೋಹದ ಕೀ ಅಡಗಿರುತ್ತದೆ, ಎಳೆದರೆ ಬರುತ್ತದೆ. ಅದರಿಂದ ಡ್ರೈವರ್ ಬಾಗಿಲು ತೆಗೆಯಿರಿ. ಡಿಕ್ಕಿಯ ಬಟನ್ ಕರೆಂಟಿನದು, ಈಗ ಕೆಲಸ ಮಾಡುವುದಿಲ್ಲ, ಅದರ ಜೊತೆ ಗುದ್ದಾಡಬೇಡಿ. ಬಾನೆಟ್ ಎತ್ತಿ. ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದರೆ ಕೆಂಪು ಪ್ಲಾಸ್ಟಿಕ್ಕಿನ ಚಿಕ್ಕ ಟೋಪಿ ಕಾಣುತ್ತದೆ. ಅದರ ಕೆಳಗಿನ ಲೋಹಕ್ಕೆ ಜಂಪ್ ಕೇಬಲಿನ ಕೆಂಪು ಕ್ಲಿಪ್ ಹಾಕಿ. ಕಪ್ಪು ಕ್ಲಿಪ್ಪನ್ನು ಬಣ್ಣವಿಲ್ಲದ ಗಟ್ಟಿ ಲೋಹಕ್ಕೆ ಹಾಕಿ. ಇನ್ನೊಂದು ಕಾರಿನಿಂದ ಅಥವಾ ಜಂಪ್ ಸ್ಟಾರ್ಟರಿನಿಂದ ಶಕ್ತಿ ಕೊಟ್ಟು, ಬ್ರೇಕ್ ಮೆಟ್ಟಿ ಪವರ್ ಬಟನ್ ಒತ್ತಿ. 'ರೆಡಿ' ದೀಪ ಬಂದರೆ ಗೆದ್ದಿರಿ. ಕೆಂಪು-ಕಪ್ಪು ಅದಲುಬದಲಾದರೆ ಫ್ಯೂಸ್ ಸುಟ್ಟು ದೊಡ್ಡ ಖರ್ಚು ಬರುತ್ತದೆ. ಎರಡು ಸಲ ನೋಡಿ ಹಾಕಿ.

ಈಗ ನಮ್ಮ ಮನೆಯಲ್ಲಿ ಯಾರೂ ಎಲ್ಲಿಗೂ ಹೋಗದಿದ್ದರೂ ಭಾನುವಾರ ಕಾರು ಒಂದು ಸುತ್ತು ಹೊರಡುತ್ತದೆ. ದೊಡ್ಡ ಬ್ಯಾಟರಿಗೂ ಅದು ಒಳ್ಳೆಯದು. ಅದು ನಿಕಲ್-ಮೆಟಲ್ ಹೈಡ್ರೈಡ್, ನಿಂತಲ್ಲೇ ಚಾರ್ಜ್ ಕಳೆದುಕೊಳ್ಳುತ್ತದೆ. ತೀರಾ ಓಡಿಸದವರೂ ಎರಡು ತಿಂಗಳಿಗೊಮ್ಮೆಯಾದರೂ ಅರ್ಧ ಗಂಟೆ ಓಡಿಸಲೇಬೇಕು.

ನಿಮಗೆ ಸೆಕೆಯಾದರೆ ಅದಕ್ಕೂ ಸೆಕೆ

ಇದು ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. ಹಿಂದಿನ ಸೀಟಿನ ಪಕ್ಕ, ಬಾಗಿಲ ಕಡೆ ಒಂದು ಜಾಲರಿ ಇದೆ. ನೋಡಿದರೆ ಸ್ಪೀಕರ್ ಅನ್ನಿಸುತ್ತದೆ. ದೊಡ್ಡ ಬ್ಯಾಟರಿ ಉಸಿರಾಡುವುದು ಅಲ್ಲಿಂದ. ಒಳಗಿನ ಫ್ಯಾನ್ ನಾವು ಕೂತ ಜಾಗದ ಗಾಳಿಯನ್ನೇ ಎಳೆದು ಬ್ಯಾಟರಿಯನ್ನು ತಂಪಾಗಿಡುತ್ತದೆ. ಅಂದರೆ ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಪೆಟ್ರೋಲ್ ಉಳಿಸಲು ಎಸಿ ಆರಿಸಿ ಕೂತರೆ, ಬ್ಯಾಟರಿಗೂ ಅದೇ ಬಿಸಿಗಾಳಿ. ಈ ಬ್ಯಾಟರಿಗೆ ಬಿಸಿಗಿಂತ ದೊಡ್ಡ ಶತ್ರು ಇಲ್ಲ. ಬೇಸಿಗೆಯಲ್ಲಿ ಎಸಿ ಹಾಕಿ. ಬಿಸಿಲಲ್ಲಿ ನಿಂತ ಕಾರಾದರೆ ಮೊದಲು ಕಿಟಕಿ ಇಳಿಸಿ ಬಿಸಿಗಾಳಿ ಹೊರಗೆ ಬಿಡಿ, ಆಮೇಲೆ ಎಸಿ.

ಜಾಲರಿಗೆ ಬ್ಯಾಗು, ದಿಂಬು, ಶಾಲು ಏನೂ ಒತ್ತಿಕೊಂಡಿರಬಾರದು. ತಿಂಗಳಿಗೊಮ್ಮೆ ವ್ಯಾಕ್ಯೂಮ್ ಕ್ಲೀನರ್ ಹಿಡಿಯಿರಿ. ಇಷ್ಟು ಮನೆಯಲ್ಲೇ ಆಗುವ ಕೆಲಸ. ಒಳಗಿನ ಫ್ಯಾನನ್ನು ವರ್ಷಕ್ಕೊಮ್ಮೆ, ತಿಳಿದ ಮೆಕ್ಯಾನಿಕ್ ಕೈಯಲ್ಲಿ ತೆಗೆಸಿ ಸ್ವಚ್ಛ ಮಾಡಿಸಬೇಕು.

ನಮ್ಮ ಕಾರಿನ ಹಿಂದಿನ ಯಜಮಾನರ ಮನೆಯಲ್ಲಿ ನಾಯಿ ಇತ್ತು. ಮೊದಲ ಸಲ ಫ್ಯಾನ್ ಹೊರಗೆ ಬಂದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಉರುಳೆಯಾಕಾರದ ಫ್ಯಾನ್. ಸುತ್ತ ಬೆರಳಿನ ಉಗುರಿನಷ್ಟು ಅಗಲದ ಎಸಳುಗಳು. ಒಂದು ಎಸಳಿಗೂ ಇನ್ನೊಂದಕ್ಕೂ ನಡುವೆ ಬೂದು ಬಣ್ಣದ ನಯವಾದ ಪದರ ಮೆತ್ತಿತ್ತು. ಹಳೇ ಹಾಸಿಗೆಯ ಹತ್ತಿಯ ಥರ. ಧೂಳು, ನಾಯಿ ಕೂದಲು, ಬಟ್ಟೆಯ ಎಳೆ ಎಲ್ಲ ಸೇರಿ ಆದದ್ದು. ಮೆಕ್ಯಾನಿಕ್ ಒಂದು ಹಳೇ ಟೂತ್‌ಬ್ರಷ್ ತೆಗೆದುಕೊಂಡು ಒಂದೊಂದೇ ಎಸಳಿನ ಸಂದಿಯಿಂದ ಬಿಡಿಸಿದರು. ನೀರು ಮುಟ್ಟಿಸಲಿಲ್ಲ. ಅರ್ಧ ಮುಷ್ಟಿ ಕಸ ಬಂತು. ಅಲ್ಲಿಯವರೆಗೆ ಬೇಸಿಗೆಯಲ್ಲಿ ಹಿಂದಿನ ಸೀಟಿನಿಂದ ಸದಾ ಗುಂಯ್ ಅನ್ನುತ್ತಿದ್ದ ಸದ್ದು ಆ ವರ್ಷ ಕೇಳಲೇ ಇಲ್ಲ.

ಕಿತ್ತಳೆ ಬಣ್ಣದ ಕೇಬಲ್ ಎಲ್ಲಿ ಕಂಡರೂ ಕೈ ಹಿಂದಕ್ಕೆ ತೆಗೆಯಿರಿ. ಈ ಕಾರಿನ ಮೋಟರಿಗೆ 650 ವೋಲ್ಟಿನವರೆಗೂ ಕರೆಂಟ್ ಹೋಗುತ್ತದೆ, ಜೀವ ಹೋಗಲು ಅಷ್ಟು ಬೇಕಾಗಿಲ್ಲ. ಇಲಿ ಕಡಿದ ಗುರುತು ಕಂಡರೆ ಟೇಪ್ ಸುತ್ತಿ ಓಡಿಸಬೇಡಿ, ಕಾರನ್ನು ಎತ್ತಿಸಿಕೊಂಡು ಹೋಗಿ.

ಓಡಿಸುವಾಗ

ಸಿಗ್ನಲ್ ಬಂದ ತಕ್ಷಣ ನ್ಯೂಟ್ರಲ್ ಮಾಡುವುದು ನಮಗೆಲ್ಲ ಕೈಗೆ ಕೂತ ಅಭ್ಯಾಸ, ಅಲ್ವಾ? ಇಲ್ಲಿ ಬಿಡಬೇಕು. ನ್ಯೂಟ್ರಲ್‌ನಲ್ಲಿ ಈ ಕಾರು ದೊಡ್ಡ ಬ್ಯಾಟರಿಯನ್ನು ಚಾರ್ಜ್ ಮಾಡುವುದಿಲ್ಲ. ಎಸಿ ಮಾತ್ರ ಅದರಿಂದಲೇ ಕರೆಂಟ್ ಎಳೆಯುತ್ತಿರುತ್ತದೆ. ಸಿಲ್ಕ್ ಬೋರ್ಡಿನಲ್ಲಿ ಇಪ್ಪತ್ತು ನಿಮಿಷ ಹಾಗೇ ನಿಂತರೆ ಬ್ಯಾಟರಿ ತಳ ಕಾಣುತ್ತದೆ. ಡಿ ಗೇರಿನಲ್ಲೇ ಬ್ರೇಕ್ ಮೆಟ್ಟಿ ನಿಲ್ಲಿ. ಜಾಸ್ತಿ ಹೊತ್ತಾದರೆ ಪಿ ಹಾಕಿ.

ಘಟ್ಟ ಇಳಿಯುವಾಗ ಒಂದು ಸದ್ದು ಹೊಸಬರನ್ನು ಹೆದರಿಸುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುತ್ತಿದ್ದೀರಿ ಅಂದುಕೊಳ್ಳಿ. ಬ್ರೇಕ್ ಮೆಟ್ಟಿದಾಗೆಲ್ಲ ಮೋಟರು ವೇಗ ತಡೆಯುತ್ತಾ ಕರೆಂಟ್ ತಯಾರಿಸುತ್ತದೆ, ಬ್ಯಾಟರಿ ತುಂಬುತ್ತಾ ಹೋಗುತ್ತದೆ. ಬ್ಯಾಟರಿ ಎಷ್ಟು ತುಂಬಿದೆ ಅಂತ ತೋರಿಸುವ ಪರದೆಯ ಎಂಟೂ ಪಟ್ಟಿ ತುಂಬಿದ ಮೇಲೆ ಕರೆಂಟ್ ಹಿಡಿಯಲು ಜಾಗವಿಲ್ಲ. ಆಗ ಕಾರು ಎಂಜಿನ್ನನ್ನು ಜೋರಾಗಿ ತಿರುಗಿಸಿ ವೇಗ ತಡೆಯುತ್ತದೆ. ನೀವು ಆಕ್ಸಿಲರೇಟರ್ ಮುಟ್ಟಿಯೇ ಇಲ್ಲ, ಎಂಜಿನ್ ಮಾತ್ರ ಕೂಗುತ್ತಿದೆ! ಏನೂ ಕೆಟ್ಟಿಲ್ಲ. ಉದ್ದ ಇಳಿಜಾರು ಶುರುವಾಗುವಾಗಲೇ ಗೇರನ್ನು 'ಬಿ'ಗೆ (ಎಂಜಿನ್ನಿನಿಂದ ವೇಗ ತಡೆಯುವ ಗೇರ್) ಹಾಕಿ, ಬ್ರೇಕ್ ಬಿಸಿಯಾಗುವುದು ಕಡಿಮೆಯಾಗುತ್ತದೆ. ಇಳಿದ ಮೇಲೆ ಡಿಗೆ ಬನ್ನಿ. ಊರಿನೊಳಗೆ ಬಿ ಬೇಡ.

ಬೆಳಿಗ್ಗೆ ಹಾಲು ತರಲು ಒಂದು ಕಿಲೋಮೀಟರ್ ಹೋದರೆ ಮೈಲೇಜ್ ಸಿಗುವುದಿಲ್ಲ. ಬ್ಯಾಟರಿ ತುಂಬಿದ್ದರೂ ಎಂಜಿನ್ ಬಿಸಿಯಾಗಲೆಂದೇ ಮೊದಲ ಕೆಲವು ನಿಮಿಷ ಓಡುತ್ತದೆ. ನಾಲ್ಕು ಕೆಲಸ ಒಂದೇ ಸುತ್ತಿನಲ್ಲಿ ಮುಗಿಸಿ.

ನಿಲ್ಲಿಸಿದ ಮೇಲೆ ಪವರ್ ಬಟನ್ ಒತ್ತಿ, 'ರೆಡಿ' ದೀಪ ಆರಿದೆಯೇ ಅಂತ ಕಣ್ಣಿಂದ ನೋಡಿಯೇ ಇಳಿಯಿರಿ. ಸದ್ದಿಲ್ಲ ಅಂದರೆ ಆಫ್ ಆಗಿದೆ ಅಂತಲ್ಲ. ಬ್ಯಾಟರಿ ಇಳಿದಾಗ ಎಂಜಿನ್ ತಾನಾಗಿ ಶುರುವಾಗುತ್ತದೆ. ಮನೆಗೆ ಅಂಟಿಕೊಂಡ ಮುಚ್ಚಿದ ಗ್ಯಾರೇಜಿನಲ್ಲಿ ಆ ಹೊಗೆ ಪ್ರಾಣ ತೆಗೆಯಬಹುದು. ದಯವಿಟ್ಟು ಇದೊಂದನ್ನು ಮನೆಯಲ್ಲಿ ಕಾರು ಮುಟ್ಟುವ ಎಲ್ಲರಿಗೂ ಹೇಳಿಕೊಡಿ.

ಗ್ಯಾರೇಜಿನಲ್ಲಿ ಬಾಯಿಬಿಟ್ಟು ಹೇಳಬೇಕಾದದ್ದು

ಆಯಿಲ್ 0ಡಬ್ಲ್ಯೂ-20, ಫಿಲ್ಟರ್, ಗಾಲಿಯ ಗಾಳಿ, ಇವೆಲ್ಲ ಮಾಮೂಲಿ ಕಾರಿನಂತೆಯೇ. ಮೂರು ವಿಷಯ ಮಾತ್ರ ಬೇರೆ.

ಎಸಿ ಗ್ಯಾಸ್ ತುಂಬಿಸುವಾಗ ಕಂಪ್ರೆಸರ್ ಎಣ್ಣೆ ಯಾವುದು ಅಂತ ಕೇಳಿ. ಇದರ ಕಂಪ್ರೆಸರ್ ಬೆಲ್ಟಿನಿಂದ ತಿರುಗುವುದಿಲ್ಲ, ಹೆಚ್ಚು ವೋಲ್ಟಿನ ಕರೆಂಟಿನಿಂದ ತಿರುಗುತ್ತದೆ. ಅದಕ್ಕೆ ಎನ್‌ಡಿ-11 ಎಣ್ಣೆಯೇ ಆಗಬೇಕು. ಬೇರೆ ಕಾರುಗಳ ಪಿಎಜಿ ಎಣ್ಣೆ ಸೇರಿದರೆ ಒಳಗೆ ಕರೆಂಟ್ ಸೋರಿ ಕಾರೇ ನಿಂತುಹೋಗಬಹುದು.

ಎರಡನೆಯದು ಬ್ರೇಕ್. ಅರ್ಧ ಕೆಲಸವನ್ನು ಮೋಟರೇ ಮಾಡುವುದರಿಂದ ಪ್ಯಾಡ್ ಬೇಗ ಸವೆಯುವುದಿಲ್ಲ. ಅದಕ್ಕೇ ಯಾರೂ ಬಿಚ್ಚಿ ನೋಡುವುದಿಲ್ಲ, ಪ್ಯಾಡನ್ನು ಒತ್ತಿಹಿಡಿಯುವ ಕ್ಯಾಲಿಪರಿನ ಪಿನ್ನುಗಳು ತುಕ್ಕು ಹಿಡಿದು ಕೂರುತ್ತವೆ. ಮಂಗಳೂರು, ಕಾರವಾರದ ಕಡೆಯವರು ವರ್ಷಕ್ಕೊಮ್ಮೆ ಬಿಚ್ಚಿಸಿ ಗ್ರೀಸ್ ಹಾಕಿಸಲೇಬೇಕು. ಇನ್ನೊಂದು ಮಾತು. ಡ್ರೈವರ್ ಬಾಗಿಲು ತೆರೆದರೆ ಸಾಕು, ಇದರ ಬ್ರೇಕ್ ಪಂಪ್ ತಾನಾಗಿ ಓಡುತ್ತದೆ. ಕ್ಯಾಲಿಪರ್ ಬಿಚ್ಚಿಟ್ಟಿರುವಾಗ ಯಾರೋ ಬಾಗಿಲು ತೆರೆದರೆ ಪಿಸ್ಟನ್ ಹೊರಗೆ ಬಂದೀತು, ಕೈಗೆ ಪೆಟ್ಟಾದೀತು. ಮೊದಲು 12 ವೋಲ್ಟಿನ ಬ್ಯಾಟರಿ ಬಿಚ್ಚಿ ಸ್ವಲ್ಪ ಹೊತ್ತು ಕಾಯಲು ಹೇಳಿ.

ಮೂರನೆಯದು ಕೂಲೆಂಟ್. ಎಂಜಿನ್ನಿಗೆ ಒಂದು ಟ್ಯಾಂಕ್, ಇನ್ವರ್ಟರಿಗೆ (ಬ್ಯಾಟರಿಯ ಕರೆಂಟನ್ನು ಮೋಟರಿಗೆ ಬೇಕಾದ ರೂಪಕ್ಕೆ ಬದಲಿಸುವ ಪೆಟ್ಟಿಗೆ) ಇನ್ನೊಂದು. ಎರಡನ್ನೂ ನೋಡಬೇಕು.

ದೊಡ್ಡ ಬ್ಯಾಟರಿ ನಿಜವಾಗಿಯೂ ಸೋತಾಗ

ಪರದೆಯ ಪಟ್ಟಿಗಳು ಕೆಲವೇ ನಿಮಿಷದಲ್ಲಿ ಸರ್ರನೆ ಏರಿ ಸರ್ರನೆ ಇಳಿಯುತ್ತವೆ. ಎಂಜಿನ್ ಸುಮ್ಮನಿರುವುದೇ ಅಪರೂಪವಾಗುತ್ತದೆ. ಮೈಲೇಜ್ ಬೀಳುತ್ತದೆ. ಕೊನೆಗೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ತ್ರಿಕೋನದ ಎಚ್ಚರಿಕೆ ದೀಪ. ಆಗ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0ಎ80 ಅನ್ನುವ ಕೋಡ್ ಬಂದರೆ ಬ್ಯಾಟರಿಯದೇ ತೊಂದರೆ ಇರಬಹುದು. ಅಷ್ಟಕ್ಕೇ ಒಪ್ಪಿಕೊಳ್ಳಬೇಡಿ. ಒಳಗೆ 28 ಮಾಡ್ಯೂಲ್ ಇವೆ, ಒಂದೊಂದೂ 7.2 ವೋಲ್ಟ್. ಅವನ್ನು ಎರಡೆರಡರಂತೆ 14 ಜೋಡಿಗಳಾಗಿ ಕಾರು ಅಳೆಯುತ್ತದೆ. ಓಡಿಸುತ್ತಿರುವಾಗ ಆ 14 ಅಂಕಿಗಳನ್ನು ತೋರಿಸಿ ಅಂತ ಕೇಳಿ. ಎಲ್ಲವೂ ಹತ್ತಿರ ಹತ್ತಿರ ಇದ್ದರೆ ಫ್ಯಾನ್, ಮಾಡ್ಯೂಲ್‌ಗಳನ್ನು ಜೋಡಿಸುವ ತುಕ್ಕು ಹಿಡಿದ ತಾಮ್ರದ ಪಟ್ಟಿಗಳು, ಚಿಕ್ಕ ಬ್ಯಾಟರಿ ಇವನ್ನು ಮೊದಲು ನೋಡಿಸಿ. ಒಂದು ಜೋಡಿ ಮಾತ್ರ ಬಿದ್ದುಬೀಳುತ್ತಿದ್ದರೆ ಆ ಜೋಡಿಯಲ್ಲೊಂದು ಮಾಡ್ಯೂಲ್ ಸತ್ತಿದೆ.

ಸತ್ತದ್ದನ್ನಷ್ಟೇ ಬದಲಿಸಿಕೊಡುವವರು ಇದ್ದಾರೆ, ಅಗ್ಗಕ್ಕೂ ಆಗುತ್ತದೆ. ನಾನು ಅದನ್ನು ಹೇಳುವುದಿಲ್ಲ. ಉಳಿದ 27ಕ್ಕೂ ಅದೇ ವಯಸ್ಸು, ಅದೇ ಬಿಸಿಲು ತಿಂದಿವೆ. ಕೆಲವು ತಿಂಗಳಲ್ಲಿ ಇನ್ನೊಂದು ಬೀಳುತ್ತದೆ, ಮತ್ತೆ ಬಿಚ್ಚಬೇಕು. ಕಾರನ್ನು ಇನ್ನೂ ನಾಲ್ಕೈದು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ಹೊಸ ಸೆಲ್‌ಗಳ ಪೂರ್ತಿ ಪ್ಯಾಕ್ ಹಾಕಿಸಿ, ವಾರಂಟಿಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಮಾರುವ ಯೋಚನೆ ಇದ್ದರೆ ಕೊಳ್ಳುವವರಿಗೆ ಆ ಅಂಕಿಗಳನ್ನು ತೋರಿಸಿಯೇ ಮಾರಿ.

ನಮ್ಮ ಕಾರಿನ ಕೈಪೆಟ್ಟಿಗೆಯಲ್ಲಿ ಒಂದು ಕಾರ್ಡ್ ಇದೆ. ಎಜಿಎಂ ಬ್ಯಾಟರಿ, ಎನ್‌ಡಿ-11, 0ಡಬ್ಲ್ಯೂ-20, ಎರಡು ಕೂಲೆಂಟ್, ಬ್ರೇಕ್ ಬಿಚ್ಚಿದಾಗ ಬಾಗಿಲು ತೆರೆಯಬೇಡಿ, ಫ್ಯಾನ್ ಕೊನೆಯ ಸಲ ತೊಳೆಯದೆ ಒರೆಸಿದ್ದು ಯಾವಾಗ. ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಗ್ಯಾರೇಜಿಗೆ ಬಿಡುವಾಗ ಕೀ ಜೊತೆ ಅದನ್ನೂ ಕೈಗೆ ಕೊಡುತ್ತೇನೆ.