ಕಲಬುರಗಿಯಲ್ಲಿ ಹಾಡುತ್ತಾ, ಹಾಡು ಕಲಿಸುತ್ತಾ ಬದುಕುವುದು ಹೇಗೆ

ಗುರುಗಳ ಹತ್ತಿರ ವರ್ಷಗಟ್ಟಲೆ ಹಿಂದೂಸ್ತಾನಿ ಗಾಯನ ಕಲಿತು ಕಲಬುರಗಿಗೋ ಬೀದರಿಗೋ ವಾಪಸ್ ಬಂದವರಿಗೆ ಮೊದಲು ಸಿಗುವುದು ಪಾಠದ ಕೆಲಸ. ಕಾರ್ಯಕ್ರಮಗಳು ಆಮೇಲೆ ನಿಧಾನಕ್ಕೆ ಬರುತ್ತವೆ. ಮನೆಯಲ್ಲಿ ಜಮಖಾನೆ ಹಾಸಿ ಪೇಟಿ (ಹಾರ್ಮೋನಿಯಂ) ಮುಂದಿಟ್ಟುಕೊಂಡು ಕೂತರೆ ಮಕ್ಕಳಂತೂ ಬರುತ್ತಾರೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಸಂಜೆಯೆಲ್ಲ ಒಂದಾದ ಮೇಲೊಂದು ಬ್ಯಾಚಿಗೆ ಹಾಡಿ ಹಾಡಿ ತೋರಿಸಿದ ಗಂಟಲು ರಾತ್ರಿ ವೇದಿಕೆ ಮೇಲೆ ಕೂತಾಗ ಮಾತು ಕೇಳುವುದಿಲ್ಲ.

ಅದಕ್ಕೇ ಮೊದಲು ನಿಮ್ಮ ರಿಯಾಜ್, ಅಂದರೆ ದಿನದ ಅಭ್ಯಾಸ. ಬೆಳಗ್ಗೆ ಮೊಬೈಲ್ ಮುಟ್ಟುವ ಮೊದಲು ತಾನ್‌ಪುರ ಹಚ್ಚಿ. ಮಂದ್ರದಲ್ಲಿ (ಕೆಳಗಿನ ಸಪ್ತಕದಲ್ಲಿ) ಸುಮ್ನೆ ಒಂದೊಂದೇ ಸ್ವರ ಹಿಡಿದು ನಿಲ್ಲಿ, ಆಮೇಲೆ ಸ್ವರಗಳನ್ನು ತಿರುಗಿಸಿ ಮುರುಗಿಸಿ ಹಾಡುವ ಪಲ್ಟಾ, ಆಮೇಲೆ ಒಂದೇ ಒಂದು ರಾಗ. ಆ ಹೊತ್ತಿನಲ್ಲಿ ಪಾಠ ಇಟ್ಟುಕೊಳ್ಳಬೇಡಿ, ಯಾರು ಎಷ್ಟು ಫೀಸ್ ಕೊಡುತ್ತೇನೆ ಅಂದರೂ ಬೇಡ.

ಈಗ ಪಾಠದ ವಿಷಯ. ಗಂಡಸರು ಕಲಿಸುವಾಗ ಗಂಟಲು ಕೆಡುವುದು ಜಾಸ್ತಿ ಒಂದೇ ಕಾರಣಕ್ಕೆ. ನಿಮ್ಮ ಷಡ್ಜ (ಸಾ) ಪೇಟಿಯ ಮೊದಲ ಕಪ್ಪು ಮನೆ, ಅಂದರೆ ಕಪ್ಪು ಒಂದು ಅಂತಿಟ್ಟುಕೊಳ್ಳಿ, ಕಲಿಯಲು ಬಂದ ಹುಡುಗಿಯದು ಕಪ್ಪು ನಾಲ್ಕು. ಅಂದರೆ ಅವಳ ಸಾ ನಿಮ್ಮ ಪಂಚಮ (ಪ). ಅವಳು ಆರಾಮಾಗಿ ಮುಟ್ಟುವ ಮೇಲಿನ ಸಾ ನಿಮಗೆ ತಾರ ಪಂಚಮ, ಮೇಲಿನ ಸಪ್ತಕದ ಪ! ಅವಳ ಜೊತೆ ಜೊತೆಗೇ ದಿನಾ ಒಂದು ಗಂಟೆ ಹಾಡಿದರೆ ಗಂಟಲು ಉಳಿಯುವುದು ಹೇಗೆ ಹೇಳಿ. ಒಂದೇ ಶ್ರುತಿಯ ಮಕ್ಕಳನ್ನು ಒಂದೇ ಬ್ಯಾಚಿಗೆ ಹಾಕಿ. ಹೊಸ ಸಾಲನ್ನು ಕೆಳಗಿನ ಸಪ್ತಕದಲ್ಲಿ ಒಮ್ಮೆ ಹಾಡಿ ತೋರಿಸಿ, ಪೇಟಿಯಲ್ಲಿ ನುಡಿಸಿ, ಕಲಿಕೆಯಲ್ಲಿ ಮುಂದೆ ಇರುವ ಹುಡುಗಿಯಿಂದ ಹಾಡಿಸಿ, ಉಳಿದವರು ಅವಳನ್ನು ಹಿಂಬಾಲಿಸಲಿ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಮಾತ್ರ ಪೇಟಿಯಲ್ಲಿ ಬರುವುದಿಲ್ಲ, ಅದನ್ನು ಹಾಡಿಯೇ ತೋರಿಸಬೇಕು. ನಿಮ್ಮ ದನಿಯನ್ನು ಅಂಥ ಜಾಗಕ್ಕೆ ಉಳಿಸಿಕೊಳ್ಳಿ. ಮಕ್ಕಳು ಹಾಡುವಾಗ ನೀವು ಬಾಯಿ ಮುಚ್ಚಿಕೊಂಡು ಕೇಳಿದರೆ ಇನ್ನೊಂದು ಲಾಭ ಇದೆ, ಯಾರ ಗಾಂಧಾರ (ಗ) ಇಳಿಯುತ್ತಿದೆ ಅಂತ ನಿಮಗೆ ಸರಿಯಾಗಿ ತಿಳಿಯುತ್ತದೆ.

ಹದಿಮೂರು ಹದಿನಾಲ್ಕರ ಹುಡುಗರ ದನಿ ಒಡೆಯುವಾಗ ಪಾಠ ಬಿಡಿಸಬೇಡಿ. ಶ್ರುತಿ ಇಳಿಸಿ, ಮೇಲಿನ ಸ್ವರಕ್ಕೆ ಒತ್ತಾಯ ಮಾಡಬೇಡಿ, ತಾಳ ಮತ್ತು ಕೇಳ್ಮೆಯ ಕಡೆ ಗಮನ ಕೊಡಿ. ಆ ವಯಸ್ಸಿನಲ್ಲಿ ನಾಚಿಕೊಂಡು ಬಿಟ್ಟುಹೋದ ಹುಡುಗ ಮತ್ತೆ ಬರುವುದು ಕಷ್ಟ.

ತಂದೆತಾಯಿಗಳು ಆರು ತಿಂಗಳಿಗೇ ಕೇಳುತ್ತಾರೆ, "ಸರ್, ನಮ್ ಹುಡುಗಿಗಿ ಸ್ಟೇಜ್ ಮ್ಯಾಲ ಯಾವಾಗ ಹಾಡಸ್ತೀರಿ?" ಬೇಜಾರಾಗಬೇಡಿ. ಗಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ, ಪ್ರವೇಶಿಕಾ ಪರೀಕ್ಷೆಗಳಿಗೆ ಕೂರಿಸಿ, ಸರ್ಟಿಫಿಕೇಟ್ ಸಿಕ್ಕರೆ ಅವರಿಗೂ ಧೈರ್ಯ. ಆದರೆ ವರ್ಷಪೂರ್ತಿ ಸಿಲಬಸ್ಸಿನ ರಾಗಗಳನ್ನೇ ಬಾಯಿಪಾಠ ಮಾಡಿಸುವುದು ಪಾಠ ಅಲ್ಲ. ಒಂದು ಯಮನ್ ರಾಗ ಚೆನ್ನಾಗಿ ಬಂದರೆ ಮುಂದಿನ ರಾಗಗಳಿಗೆ ದಾರಿ ಸಲೀಸಾಗುತ್ತದೆ.

ಇನ್ನು ಹಾಡುವುದು ಎಲ್ಲಿ? ಬರೀ ಖಯಾಲ್ (ರಾಗ ವಿಸ್ತರಿಸಿ ಹಾಡುವ ಶಾಸ್ತ್ರೀಯ ಗಾಯನ) ಕೇಳಲು ಬರುವ ಜನ ನಮ್ಮಲ್ಲಿ ಕಡಿಮೆ, ನಿಜ. ಆದರೆ ಶ್ರಾವಣ ಬಂದರೆ ಮಠಗಳಲ್ಲಿ ತಿಂಗಳಿಡೀ ಪುರಾಣ-ಪ್ರವಚನ ನಡೆಯುತ್ತದೆ, ಒಬ್ಬರು ಗವಾಯಿಗಳು, ಒಬ್ಬರು ತಬಲಾದವರು ಬೇಕೇ ಬೇಕು. ಇದನ್ನು ಕೀಳು ಅಂತ ನೋಡುವ ಗಾಯಕರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ. ಮಲ್ಲಿಕಾರ್ಜುನ ಮನ್ಸೂರರು ಖಯಾಲ್ ಹಾಡಿದ ನಿಷ್ಠೆಯಲ್ಲೇ ವಚನ ಹಾಡಿದರಲ್ವಾ? ದಿನಾ ರಾತ್ರಿ ಹೊಸ ಹಾಡು, ಹಳ್ಳಿಯ ಮೈಕು, ನೂರಾರು ಜನ. ಇಷ್ಟು ಅಭ್ಯಾಸ ಬೇರೆಲ್ಲೂ ಸಿಗುವುದಿಲ್ಲ. ವಚನಕ್ಕೆ ಭೀಮಪಲಾಸಿಯೋ ಭೈರವಿಯೋ ಹಚ್ಚಿ, ಆದರೆ ಮಾತನ್ನು ಮುರಿಯಬೇಡಿ. ಕೂಡಲಸಂಗಮದೇವ ಅನ್ನುವ ಅಂಕಿತ ಬಂದಾಗ ವೇಗದ ಸ್ವರಗಳ ತಾನ್ ಹೊಡೆಯುತ್ತಾ ಕೂತರೆ ಮುಂದೆ ಕೂತ ಅಜ್ಜ ತಲೆದೂಗುವುದನ್ನು ನಿಲ್ಲಿಸುತ್ತಾನೆ. ಆಲಾಪ ಬೇಕಾದರೆ ಪಲ್ಲವಿಗೆ ಮೊದಲು ಮಾಡಿ.

ಜೊತೆಗೆ ಆಕಾಶವಾಣಿ ಆಡಿಷನ್ ಕೊಡಿ. ಕಲಬುರಗಿ ಕೇಂದ್ರ 1966ರಿಂದ ಇದೆ. ಬಿ, ಬಿ ಹೈ, ಎ, ಟಾಪ್ ಅಂತ ಶ್ರೇಣಿಗಳಿವೆ, ಬಿ ಸಿಕ್ಕರೂ ಆಹ್ವಾನ ಕೊಡುವವರು ನಿಮ್ಮನ್ನು ನೋಡುವ ರೀತಿ ಬದಲಾಗುತ್ತದೆ. ಆಡಿಷನ್‌ಗೆ ಕೊಡುವ ರಾಗಗಳ ಪಟ್ಟಿಯಲ್ಲಿ ಹತ್ತು ಸಲ ಹಾಡಿ ಪಳಗಿದ ರಾಗಗಳನ್ನೇ ಬರೆಯಿರಿ, ಅಪರೂಪದ್ದನ್ನು ಬರೆದು ಅಲ್ಲಿ ತಡವರಿಸಬೇಡಿ.

ಗಂಟಲಿನ ಮಾತು ಹೇಳದೆ ಬಿಡುವಂತಿಲ್ಲ. ಇಲ್ಲಿನ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ, ಬಾಯಾರುವ ಮೊದಲೇ ನೀರು ಕುಡಿಯುತ್ತಿರಿ. ಕಾರ್ಯಕ್ರಮ ಮುಗಿಸಿ ನಡುರಾತ್ರಿ ರೊಟ್ಟಿ, ಶೇಂಗಾ ಹಿಂಡಿ ಖಾರವಾಗಿ ತಿಂದು ಹಾಗೇ ಮಲಗಿದರೆ ಹೊಟ್ಟೆಯ ಆಮ್ಲ ಮೇಲಕ್ಕೆ ಬಂದು ಗಂಟಲು ಸುಡುತ್ತದೆ, ಬೆಳಗ್ಗೆ ದನಿ ಒರಟಾಗುತ್ತದೆ. ಹಾಡುವ ಮೊದಲೇ ಹಗುರಾಗಿ ಉಂಡುಬಿಡಿ. ದನಿ ಕೂತಾಗ ಪಿಸುಮಾತೂ ಬೇಡ, ಪೂರ್ತಿ ಮೌನ ಇರಿ. ಮೂರು ವಾರವಾದರೂ ಸರಿಹೋಗದಿದ್ದರೆ ಮನೆಮದ್ದು ಬಿಟ್ಟು ಇಎನ್‌ಟಿ ಡಾಕ್ಟರಿಗೆ ತೋರಿಸಿ.

ದುಡ್ಡಿನ ಮಾತು ಮೊದಲೇ ಆಡಿ. ಪಾಠದ ಫೀಸ್ ತಿಂಗಳ ಮೊದಲ ವಾರದಲ್ಲಿ ತೆಗೆದುಕೊಳ್ಳಿ, ಬಡ ಮನೆಯ ಮಗು ಚೆನ್ನಾಗಿ ಹಾಡುತ್ತಿದ್ದರೆ ಕೇಳಲೇಬೇಡಿ. ಕಾರ್ಯಕ್ರಮಕ್ಕೆ ಕರೆದವರ ಹತ್ತಿರ ನಿಮ್ಮ ಸಂಭಾವನೆ, ತಬಲಾದವರದು, ಪೇಟಿಯವರದು, ಹೋಗಿಬರುವ ಖರ್ಚು ಎಲ್ಲವನ್ನೂ ಬೇರೆ ಬೇರೆಯಾಗಿ ಹೇಳಿ. ಸಾಥ್ ಕೊಟ್ಟವರ ಹಣವನ್ನು ಅವತ್ತೇ ರಾತ್ರಿ ಅವರ ಕೈಗೆ ಕೊಟ್ಟುಬಿಡಿ, ನಿಮ್ಮದು ಬರುವುದು ತಡವಾದರೂ ಸರಿ.