ಎಥೆನಾಲ್ ಕಾಲದಲ್ಲಿ ಗೋವಿನಜೋಳ ಮಾರುವುದು ಹೇಗೆ?

ನವೆಂಬರ್ ತಿಂಗಳ ಒಂದು ಬೆಳಿಗ್ಗೆ ರಾಣೆಬೆನ್ನೂರು ಎಪಿಎಂಸಿಯಲ್ಲಿ ನಿಂತು ನೋಡಿ. ಖರೀದಿ ಮಾಡುವವರು ಗೋವಿನಜೋಳದ (ಮೆಕ್ಕೆಜೋಳದ) ರಾಶಿಯ ಮೇಲ್ಮೈ ನೋಡುವುದೇ ಇಲ್ಲ. ಮೊಣಕೈವರೆಗೆ ಕೈ ತೂರಿಸಿ, ಒಳಗಿನಿಂದ ಒಂದು ಹಿಡಿ ತೆಗೆದು ಮೂಗಿಗೆ ಹಿಡಿಯುತ್ತಾರೆ. ಕಾಳು ಬೆಚ್ಚಗಿದ್ದು ಮುಗ್ಗಲು ವಾಸನೆ ಬಂದರೆ ಮುಗಿಯಿತು. ಅಲ್ಲಿಂದ ದರ ಇಳಿಯುತ್ತಲೇ ಹೋಗುತ್ತದೆ.

ಪೆಟ್ರೋಲ್‌ಗೆ ಬೆರೆಸುವ ಎಥೆನಾಲ್ ಅನ್ನು ಗೋವಿನಜೋಳದಿಂದ ಮಾಡುವ ಫ್ಯಾಕ್ಟರಿಗಳ ಬಗ್ಗೆ ನಮ್ಮ ಕಡೆ ಎರಡು ಮೂರು ವರ್ಷದಿಂದ ಒಂದು ಮಾತು ಓಡಾಡುತ್ತಿದೆ. ‘ಎಥೆನಾಲ್ ಫ್ಯಾಕ್ಟರಿಯವರು ಹೆಂಗಿದ್ರೂ ತಗೋತಾರ, ಎಷ್ಟಿದ್ರೂ ತಗೋತಾರ’ ಅಂತ. ಇದನ್ನು ನಂಬಿ ಹಸಿ ಕಾಳು ತುಂಬಿಕೊಂಡು ಹೋದವರನ್ನು, ದರ ಏರುತ್ತದೆ ಎಂದು ಅರೆಒಣಗಿದ ಚೀಲ ಮನೆಯಲ್ಲಿಟ್ಟು ಕೆಡಿಸಿಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಈ ಲೇಖನ.

ಮೊದಲು ಫ್ಯಾಕ್ಟರಿಯ ಲೆಕ್ಕ ತಿಳಿಯಿರಿ

ಒಂದು ಟನ್ ಗೋವಿನಜೋಳದಿಂದ ಸುಮಾರು 380 ಲೀಟರ್ ಎಥೆನಾಲ್ ಬರುತ್ತದೆ. ಅಂದರೆ ಕ್ವಿಂಟಲ್‌ಗೆ 38 ಲೀಟರ್. ಈ ಎಥೆನಾಲ್ ಕೊಳ್ಳುವುದು ತೈಲ ಕಂಪನಿಗಳು. ದರ ಮೊದಲೇ ಗೊತ್ತಾಗಿರುತ್ತದೆ. 2024ರ ಜನವರಿಯಲ್ಲಿ ಗೋವಿನಜೋಳದ ಎಥೆನಾಲ್‌ಗೆ ಲೀಟರಿಗೆ 71.86 ರೂಪಾಯಿ ಎಂದು ಏರಿಸಿದರು. 38ರಿಂದ ಗುಣಿಸಿ: ಒಂದು ಕ್ವಿಂಟಲ್ ಕಾಳಿನಿಂದ ಫ್ಯಾಕ್ಟರಿಗೆ ಸಿಗುವುದು ಸುಮಾರು 2,730 ರೂಪಾಯಿ. ಇಷ್ಟರಲ್ಲೇ ನಿಮ್ಮ ಕಾಳಿನ ದರ, ಬಾಯ್ಲರ್‌ನ ಉರುವಲು, ಕರೆಂಟು, ಕೂಲಿ, ಲಾರಿ ಬಾಡಿಗೆ, ಬ್ಯಾಂಕ್ ಬಡ್ಡಿ ಎಲ್ಲ ಆಗಬೇಕು. ಎಥೆನಾಲ್ ತೆಗೆದ ಮೇಲೆ ಉಳಿಯುವ ಗಷ್ಟನ್ನು ಒಣಗಿಸಿ ಡಿಡಿಜಿಎಸ್ ಎಂದು ಪಶು ಆಹಾರಕ್ಕೆ ಮಾರುತ್ತಾರೆ. ಅದರಿಂದ ಸ್ವಲ್ಪ ಹಣ ಬರುತ್ತದೆ, ಅಷ್ಟೇ. ಪೆಟ್ರೋಲ್ ದರ ಏರಿತು ಎಂದು ಫ್ಯಾಕ್ಟರಿ ನಿಮಗೆ ಜಾಸ್ತಿ ಕೊಡುವುದಿಲ್ಲ. ಕೊಡಲು ಅದರ ಕೈಯಲ್ಲೂ ಇರುವುದಿಲ್ಲ.

ಇನ್ನೊಂದು ವಿಷಯ. ಧಾನ್ಯದ ಎಥೆನಾಲ್ ಘಟಕಕ್ಕೆ ಗೋವಿನಜೋಳವೇ ಆಗಬೇಕೆಂದಿಲ್ಲ, ಅಕ್ಕಿಯೂ ನಡೆಯುತ್ತದೆ. ಕಳೆದ ಮೂರು ವರ್ಷದ ಏರಿಳಿತದ ಗುಟ್ಟು ಬಹಳ ಮಟ್ಟಿಗೆ ಇಲ್ಲಿದೆ. 2023ರ ಜುಲೈನಲ್ಲಿ ಭಾರತ ಆಹಾರ ನಿಗಮ ಎಥೆನಾಲ್‌ಗೆ ಅಕ್ಕಿ ಕೊಡುವುದನ್ನು ನಿಲ್ಲಿಸಿತು. ಅದೇ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೂ ಸರ್ಕಾರ ಕಡಿವಾಣ ಹಾಕಿತು. ಉಳಿದದ್ದು ನಮ್ಮ ಗೋವಿನಜೋಳ. ಎಲ್ಲರೂ ಇದಕ್ಕೇ ಮುಗಿಬಿದ್ದರು. ಕೋಳಿ ಫಾರಂನವರು ಕಾಳು ಸಿಗದೆ ಒದ್ದಾಡಿದರು. ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಮ್ಯಾನ್ಮಾರ್, ಉಕ್ರೇನ್‌ನಿಂದ ತರಿಸಿಕೊಂಡಿತು.

ಆಮೇಲೆ ಗಾಳಿ ತಿರುಗಿತು. 2025ರ ಜನವರಿಯಲ್ಲಿ ಎಥೆನಾಲ್‌ಗೆ ಕೊಡುವ ಅಕ್ಕಿಯ ದರವನ್ನು ಕ್ವಿಂಟಲ್‌ಗೆ 2,250 ರೂಪಾಯಿಗೆ ಇಳಿಸಿದರು. ಅಕ್ಕಿಯಿಂದ ಎಥೆನಾಲ್ ಜಾಸ್ತಿಯೇ ಬರುತ್ತದೆ, ಹಾಗಾಗಿ ಫ್ಯಾಕ್ಟರಿಗಳು ಅತ್ತ ವಾಲಿದವು. ಇತ್ತ ಹಿಂದಿನ ದರ ನೋಡಿ ಎಲ್ಲರೂ ಗೋವಿನಜೋಳವನ್ನೇ ಬಿತ್ತಿದ್ದರು. ಬೆಂಬಲ ಬೆಲೆ 2,400 ಇದ್ದರೂ ಸುಗ್ಗಿಯಲ್ಲಿ ಪೇಟೆ ದರ ಅದಕ್ಕಿಂತ ಬಹಳ ಕೆಳಗೆ ಬಿತ್ತು. ಆ ನವೆಂಬರ್‌ನಲ್ಲಿ ಲಕ್ಷ್ಮೇಶ್ವರದಲ್ಲಿ ರೈತರು ಖರೀದಿ ಕೇಂದ್ರಕ್ಕಾಗಿ ಧರಣಿ ಕುಳಿತದ್ದು ನಿಮಗೆ ನೆನಪಿರಬಹುದು.

ಹಾಗಾಗಿ ಬಿತ್ತುವ ಮುಂಚೆ, ಮಾರುವ ಮುಂಚೆ ಮೂರು ಸುದ್ದಿ ಕೇಳಿಕೊಳ್ಳಿ: ಎಥೆನಾಲ್ ದರ ಎಷ್ಟು, ಎಥೆನಾಲ್‌ಗೆ ಅಕ್ಕಿ ಕೊಡುತ್ತಿದ್ದಾರಾ, ಕಬ್ಬಿನ ಬೆಳೆ ಹೇಗಿದೆ. ತೈಲ ಕಂಪನಿಗಳು ಎಥೆನಾಲ್ ಕೊಳ್ಳುವ ವರ್ಷ ನವೆಂಬರ್‌ನಿಂದ ಅಕ್ಟೋಬರ್‌ವರೆಗೆ. ಸುಗ್ಗಿ ಹೊತ್ತಿಗೆ ಯಾವ ಫ್ಯಾಕ್ಟರಿಗೆ ಎಷ್ಟು ಲೀಟರ್ ಹಂಚಿಕೆ ಸಿಕ್ಕಿದೆ ಎನ್ನುವುದು ವರ್ತಕರಿಗೆ ಗೊತ್ತಿರುತ್ತದೆ. ಸಂಕೋಚ ಬಿಟ್ಟು ಕೇಳಿ. ಬಿಹಾರದ ಹಿಂಗಾರಿ ಗೋವಿನಜೋಳ ಏಪ್ರಿಲ್–ಮೇನಲ್ಲಿ ಪೇಟೆಗೆ ಬರುತ್ತದೆ. ಕಾಯುವುದಿದ್ದರೆ ಅದಕ್ಕಿಂತ ಮೊದಲೇ ಮಾರಿಬಿಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

(ಧಾರವಾಡ ಕಡೆಯ ಸೋಯಾಬೀನ್ ಬೆಳೆಗಾರರೂ ಇದನ್ನು ಗಮನಿಸಬೇಕು. ಡಿಡಿಜಿಎಸ್ ಅಗ್ಗವಾಗಿ ಸಿಕ್ಕರೆ ಪಶು ಆಹಾರದವರು ಸೋಯಾ ಹಿಂಡಿ ಕಡಿಮೆ ಕೊಳ್ಳುತ್ತಾರೆ. ಆ ಏಟು ಸೋಯಾ ದರಕ್ಕೂ ಬೀಳುತ್ತದೆ.)

ಕೊಯ್ಲು ಮತ್ತು ರಾಶಿ

ತೆನೆಯಿಂದ ಕಾಳು ಕಿತ್ತು ಬುಡ ನೋಡಿ. ಕಪ್ಪು ಚುಕ್ಕೆ ಬಂದಿದ್ದರೆ ಬಲಿತಿದೆ. ಆದರೆ ಒಣಗಿಲ್ಲ. ಮಳೆ ಇಲ್ಲದಿದ್ದರೆ ಒಂದೆರಡು ವಾರ ಗಿಡದಲ್ಲೇ ಬಿಡಿ. ಹಸಿ ತೆನೆಯನ್ನು ಯಂತ್ರಕ್ಕೆ ಹಾಕಬೇಡಿ, ಕಾಳು ಒಡೆಯುತ್ತದೆ. ಒಡೆದ ಕಾಳಿಗೇ ಮೊದಲು ಬೂಸ್ಟು ಹತ್ತುವುದು.

ಒಣಗಿಸುವುದು: ಇಲ್ಲೇ ಎಲ್ಲರೂ ಎಡವುವುದು

ಬೇಕಾದದ್ದು ಶೇ 14 ತೇವಾಂಶ. ರಾಶಿಯಾದಾಗ ಸಾಮಾನ್ಯವಾಗಿ 20ರ ಮೇಲೆಯೇ ಇರುತ್ತದೆ.

ರಸ್ತೆಯಲ್ಲಿ ಹರವಬೇಡಿ. ಹೈವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ರಾಶಿಯ ಸುತ್ತ ಇಟ್ಟ ಕಲ್ಲಿಗೆ ರಾತ್ರಿ ಬೈಕ್ ಬಡಿದು ಬೀಳುವವರಿದ್ದಾರೆ. ಕಾಳಿಗೆ ಹರಳು, ಎಣ್ಣೆ, ಧೂಳು ಸೇರುವುದು ಬೇರೆ. ಸಿಮೆಂಟ್ ಕಣವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ದಪ್ಪ ತಾಡಪತ್ರಿ. ಸಂತೆಯಲ್ಲಿ ಸಿಗುವ ತೆಳ್ಳನೆಯ ನೀಲಿ ಹಾಳೆ ಒಂದೇ ಸುಗ್ಗಿಗೆ ಚಿಂದಿಯಾಗುತ್ತದೆ, ಕೆಳಗಿನ ತಂಪನ್ನೂ ತಡೆಯುವುದಿಲ್ಲ. ದುಡ್ಡು ಹೋದರೂ ಪರವಾಗಿಲ್ಲ, ದಪ್ಪದ್ದೇ ತನ್ನಿ.

ಎರಡು ಬೆರಳು ದಪ್ಪಕ್ಕಿಂತ ಜಾಸ್ತಿ ಹರವಬೇಡಿ. ಗಂಟೆಗೊಮ್ಮೆ ಬರಿಗಾಲಲ್ಲಿ ಸಾಲು ಎಳೆಯುತ್ತ ನಡೆಯಿರಿ. ಮುಂದಿನ ಸಲ ಅಡ್ಡಲಾಗಿ ನಡೆಯಿರಿ. ನಮ್ಮ ದೊಡ್ಡಮ್ಮ ಹಾಗೆ ನಡೆಯುತ್ತಲೇ ಎಲ್ಲಿ ಹಸಿ ಇದೆ ಎಂದು ಹೇಳಿಬಿಡುತ್ತಿದ್ದರು. ಹಸಿ ಕಾಳು ಅಂಗಾಲಿಗೆ ತಣ್ಣಗೆ ಅಂಟುತ್ತದೆ, ಒಣಗಿದ್ದು ಸರಸರ ಜಾರುತ್ತದೆ.

ಸಂಜೆ ಬಿಸಿ ಕಾಳನ್ನು ಗುಡ್ಡೆ ಮಾಡಿ ಕೂಡಲೇ ಮುಚ್ಚುವುದು ದೊಡ್ಡ ತಪ್ಪು. ರಾತ್ರಿಯಿಡೀ ಅದು ಒಳಗೇ ಬೆವರುತ್ತದೆ. ಬೆಳಿಗ್ಗೆ ತಾಡಪತ್ರಿ ಎತ್ತಿದರೆ ಒಳಮೈಗೆ ನೀರಿನ ಹನಿ ಕಟ್ಟಿರುತ್ತದೆ. ಆ ಹನಿ ಮತ್ತೆ ಕಾಳಿನ ಮೇಲೇ ಬೀಳುತ್ತದೆ. ಹೊತ್ತು ಮುಳುಗುವ ಮೊದಲು ಅರ್ಧ ಗಂಟೆ ಆರಲು ಬಿಡಿ, ಇಬ್ಬನಿ ಬೀಳುವ ಮುಂಚೆ ಮುಚ್ಚಿ.

ಹಸಿರು ಬೂಸ್ಟು ಕಂಡರೆ ಆ ಕಾಳನ್ನು ಬೇರೆ ಮಾಡಿ. ಅದರಲ್ಲಿ ಅಫ್ಲಾಟಾಕ್ಸಿನ್ ವಿಷ ಇರಬಹುದು. ಫ್ಯಾಕ್ಟರಿಯಲ್ಲಿ ಪಿಷ್ಟವೆಲ್ಲ ಎಥೆನಾಲ್ ಆಗಿ ಹೋದರೂ ವಿಷ ಗಷ್ಟಿನಲ್ಲಿ ಉಳಿದು ಸುಮಾರು ಮೂರು ಪಟ್ಟಾಗುತ್ತದೆ. ‘ಎಥೆನಾಲ್‌ಗೆ ತಾನೆ, ನಡೀತದೆ’ ಎನ್ನುವುದು ಅದಕ್ಕೇ ತಪ್ಪು. ಆ ಗಷ್ಟು ಎಮ್ಮೆ, ಆಕಳು, ಕೋಳಿಗೆ ಹೋಗುತ್ತದೆ. ಬೂಸ್ಟು ಬಂದದ್ದನ್ನು ನಿಮ್ಮ ದನಕ್ಕೂ ಹಾಕಬೇಡಿ, ವಿಷ ಹಾಲಿಗೆ ಇಳಿಯುತ್ತದೆ.

ಒಣಗಿದೆಯಾ? ಉಪ್ಪಿನಿಂದ ನೋಡಿ

ಹಲ್ಲಿನಿಂದ ಕಡಿದು ‘ಕಟ್’ ಅಂದರೆ ಸಾಕು ಎನ್ನುತ್ತಾರೆ. ನನಗೆ ಅದು ಸಾಲದು. ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಕಾಳು ಹಾಕಿ. ಬಾಣಲೆಯಲ್ಲಿ ಹುರಿದು ಆರಿಸಿದ ಪುಡಿಉಪ್ಪು ಎರಡು ಮೂರು ಚಮಚ ಸೇರಿಸಿ. ಮುಚ್ಚಳ ಬಿಗಿದು ಒಂದು ನಿಮಿಷ ಚೆನ್ನಾಗಿ ಕುಲುಕಿ ಕಾಲು ಗಂಟೆ ಇಡಿ. ಉಪ್ಪು ಗಾಜಿಗೆ ಅಂಟಿದರೆ ತೇವ 15ಕ್ಕಿಂತ ಜಾಸ್ತಿ. ಉದುರಿ ತಳಕ್ಕೆ ಬಿದ್ದರೆ 15ಕ್ಕಿಂತ ಕಡಿಮೆ. ಆದರೂ ಇನ್ನೊಂದು ದಿನ ಬಿಸಿಲು ಕೊಡಿ. ಎರಡು ಸೂಜಿಯ ಅಗ್ಗದ ಮೀಟರ್ ತರಬೇಡಿ, ಅದು ಕಟ್ಟಿಗೆಗೆ ಮಾಡಿದ್ದು.

ಹಸಿಯಾಗಿ ಮಾರುವುದೋ, ಒಣಗಿಸಿ ಮಾರುವುದೋ?

ಶೇ 20 ತೇವದ 100 ಕಿಲೋ ಕಾಳಿನಲ್ಲಿ ನಿಜವಾದ ಮಾಲು 80 ಕಿಲೋ. ಶೇ 14 ತೇವದ ಕಾಳಿನಲ್ಲಿ ಮಾಲು ಶೇ 86, ಅದಕ್ಕೇ 80ನ್ನು 0.86ರಿಂದ ಭಾಗಿಸಿ. ಶೇ 14ಕ್ಕೆ ಒಣಗಿದಾಗ ತೂಕ 93 ಕಿಲೋ. ಒಣ ಕಾಳಿನ ದರ ಕ್ವಿಂಟಲ್‌ಗೆ 2,000 ಇದ್ದರೆ ಆ 93 ಕಿಲೋಗೆ 1,860 ರೂಪಾಯಿ. ಹಸಿ ಕಾಳಿಗೆ 1,820 ಕೊಡುತ್ತೇನೆಂದರೆ ಸುಮ್ನೆ ಕೊಟ್ಟುಬಿಡಿ, 40 ರೂಪಾಯಿಗೆ ಕೂಲಿಯೂ ಗಿಟ್ಟುವುದಿಲ್ಲ. 1,600 ಎಂದರೆ ವಾಪಸ್ ತಂದು ಹರವಿ.

ಇಡುವುದಿದ್ದರೆ ಚೀಲದ ಕೆಳಗೆ ಕಟ್ಟಿಗೆ ಹಲಗೆ ಹಾಕಿ, ಗೋಡೆಯಿಂದ ಒಂದು ಮೊಳ ದೂರವಿರಲಿ. ಹುಳಕ್ಕೆಂದು ವಿಷದ ಗುಳಿಗೆಯನ್ನು ಮಲಗುವ ಮನೆಯಲ್ಲಿ ಇಡಲೇಬೇಡಿ, ಅದರಿಂದ ಹೊರಡುವ ವಿಷಗಾಳಿ ಜೀವ ತೆಗೆಯುತ್ತದೆ. ನನ್ನನ್ನು ಕೇಳಿದರೆ ಉಗ್ರಾಣವೇ ಮೇಲು, ರಸೀದಿಯ ಮೇಲೆ ಬ್ಯಾಂಕಿನಲ್ಲಿ ಸಾಲವೂ ಸಿಗುತ್ತದೆ.

ಮಾರುವ ದಿನ ಮನೆಯಿಂದ ಒಂದು ಕಿಲೋ ಮಾದರಿಯನ್ನು ಬಿಗಿಯಾದ ಡಬ್ಬಿಯಲ್ಲಿ ಒಯ್ಯಿರಿ. ಅಲ್ಲಿ ಮೀಟರ್ ಹಚ್ಚುವಾಗ ಪಕ್ಕದಲ್ಲೇ ನಿಂತು, ಮೂರು ಬೇರೆ ಬೇರೆ ಚೀಲದ ಕಾಳು ನೋಡಲು ಹೇಳಿ. ಬಂದ ಅಂಕಿಯನ್ನು ಚೀಟಿಯಲ್ಲಿ ಬರೆಸಿಕೊಂಡ ಮೇಲೇ ಚೀಲ ಇಳಿಸಿ.