ಕನ್ಸಲ್ಟಿಂಗ್‌ಗೆ ಸೇರುವವರಿಗೆ: ಮೊದಲು ಹಳೇ ರಿಪೋರ್ಟ್ ಇಸ್ಕೊಳ್ಳಿ

ಎಂಬಿಎ ಮುಗಿಸಿ ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್‌ಗೆ (ಕಂಪನಿಗಳಿಗೆ ವ್ಯಾಪಾರದ ಸಲಹೆ ಕೊಡುವ ಕೆಲಸಕ್ಕೆ) ಸೇರುತ್ತಿರುವವರು ಇಲ್ಲಿ ಕೆಲವರಿದ್ದೀರಿ, ಅದಕ್ಕೆ ಈ ಸಲಹೆ. ಕ್ಲೈಂಟ್ ಊರಿಗೆ ಸೋಮವಾರ ಬೆಳಗಿನ ಜಾವದ ಫ್ಲೈಟು, ಗುರುವಾರ ರಾತ್ರಿ ವಾಪಸ್ಸು, ಇದನ್ನೆಲ್ಲ ಯಾರಾದರೂ ಹೇಳಿರುತ್ತಾರೆ.

ಕ್ಲೈಂಟ್ ಕಂಪನಿಗೆ ಹೋದ ಮೊದಲ ವಾರವೇ ಹಿಂದಿನ ಕನ್ಸಲ್ಟೆಂಟ್‌ಗಳು ಕೊಟ್ಟ ರಿಪೋರ್ಟ್ ಕೇಳಿ ಇಸ್ಕೊಳ್ಳಿ. ಯಾವುದೋ ಬೀರುವಿನಲ್ಲಿ ಇದ್ದೇ ಇರುತ್ತದೆ. ನೀವು ತಿಂಗಳುಗಟ್ಟಲೆ ಒದ್ದಾಡಿ ಹೇಳಬೇಕೆಂದಿರುವುದರಲ್ಲಿ ಅರ್ಧ ಅದರಲ್ಲೇ ಸಿಗುತ್ತದೆ, ಅದು ಯಾಕೆ ಜಾರಿ ಆಗಲಿಲ್ಲ ಅಂತ ಹುಡುಕುವುದೇ ನಿಮ್ಮ ನಿಜವಾದ ಕೆಲಸ. ಉತ್ತರ ಎಂಡಿ ಹತ್ತಿರ ಸಿಗಲ್ಲ. ಸ್ಟೋರ್ ಸೂಪರ್‌ವೈಸರ್ ಹತ್ತಿರ ಸಿಗುತ್ತದೆ, ಅದೂ ಲ್ಯಾಪ್‌ಟಾಪ್ ಮುಚ್ಚಿಟ್ಟು ಒಂದು ಟೀ ಕುಡಿದ ಮೇಲೆ.

ಸ್ಲೈಡಿಗೆ ಸುಮ್ನೆ ‘ಮಾರಾಟದ ವಿವರ’ ಅಂತ ತಲೆಬರಹ ಕೊಡಬೇಡಿ. ‘ಮಾಲು ತಡವಾಗಿ ತಲುಪುತ್ತಿರುವುದರಿಂದ ಡೀಲರ್‌ಗಳು ಆರ್ಡರ್ ಕಡಿಮೆ ಮಾಡಿದ್ದಾರೆ’ ಅಂತ ಬರೆಯಿರಿ. ಬರೀ ತಲೆಬರಹ ಓದಿದರೂ ಕತೆ ಗೊತ್ತಾಗಬೇಕು, ಯಾಕೆಂದರೆ ದೊಡ್ಡವರು ಅಷ್ಟನ್ನೇ ಓದುವುದು.

ಇನ್ನು ಕನ್ಸಲ್ಟೆಂಟ್‌ಗಳು ಸ್ಲೈಡಿನಲ್ಲಿ ಎಳೆಯುವ ಆ ನಾಲ್ಕು ಮನೆಯ ಚೌಕ. 1970ರ ದಶಕದಲ್ಲಿ ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್‌ನವರು ವ್ಯಾಪಾರಗಳನ್ನು ನಕ್ಷತ್ರ, ಹಸು, ನಾಯಿ, ಪ್ರಶ್ನಾರ್ಥಕ ಚಿಹ್ನೆ ಅಂತ ವಿಂಗಡಿಸಿ ಪ್ರಸಿದ್ಧ ಮಾಡಿದ್ದು. ಆಮೇಲೆ ಚೌಕ ಎಳೆಯದ ಕನ್ಸಲ್ಟೆಂಟೇ ಇಲ್ಲ ಅಲ್ವಾ! ನೀವೂ ಎಳೆಯಿರಿ, ಆದರೆ ತಮ್ಮ ವಿಭಾಗ ನಾಯಿಯ ಮನೆಯಲ್ಲಿ (ಅಂದರೆ ಬೆಳವಣಿಗೆಯೂ ಕಡಿಮೆ, ಮಾರುಕಟ್ಟೆ ಪಾಲೂ ಕಡಿಮೆ ಅನ್ನುವ ಮನೆಯಲ್ಲಿ) ಕೂತಿರುವುದನ್ನು ಅದರ ಮುಖ್ಯಸ್ಥರು ತುಂಬಿದ ಮೀಟಿಂಗಿನಲ್ಲಿ ಮೊದಲ ಸಲ ನೋಡುವ ಹಾಗೆ ಮಾಡಬೇಡಿ. ಹಿಂದಿನ ದಿನವೇ ಅವರ ಕ್ಯಾಬಿನ್‌ಗೆ ಹೋಗಿ ತೋರಿಸಿ. ಬೈತಾರೆ, ಬೈಸಿಕೊಳ್ಳಿ, ಅಂಕಿ ತಪ್ಪಿದ್ದರೆ ಅಲ್ಲೇ ತಿದ್ದಿ.

ಹಾಂ, ಹೋಟೆಲ್ ಪಾಯಿಂಟ್‌ಗಳು ನಿಮ್ಮ ಹೆಸರಿಗೇ ಜಮಾ ಆಗುವ ಹಾಗೆ ನೋಡಿಕೊಳ್ಳಿ.